ಎಂಬತ್ತನಾಲ್ಕರ ಕೆಳಗೆ

"ಬೀಡಿ ಬಿಡಬೇಕು. ತೂಕ ಎಂಬತ್ತನಾಲ್ಕರ ಕೆಳಗೆ ಬರಬೇಕು. ಎರಡೂ ಆದಮೇಲೆ ಬನ್ನಿ, ಮಿಕ್ಕಿದ್ದು ಆಮೇಲೆ ಮಾತಾಡೋಣ," ಎಂದರು ಮೈಸೂರಿನ ಡಾಕ್ಟರಮ್ಮ.

ಕಾಂತರಾಜು ಕುರ್ಚಿಯ ತುದಿಯಲ್ಲಿ ಕೂತಿದ್ದ. ಆವತ್ತಿನ ತೂಕ ಎಂಬತ್ತೊಂಬತ್ತು. ಬಲಗಿವಿಯ ಮೇಲೆ ಬೀಡಿ ಸಿಕ್ಕಿಸಿಕೊಂಡೇ ಒಳಗೆ ಬಂದಿದ್ದ. ಅದು ಅಲ್ಲಿದೆ ಎನ್ನುವುದೇ ಅವನಿಗೆ ಮರೆತುಹೋಗಿತ್ತು. ಹಿಂದೆ ನಿಂತಿದ್ದ ಮಗ ಗೌತಮನಿಗೆ ಅದನ್ನು ನೋಡಿ ಮೈ ಉರಿದುಹೋಯಿತು.

"ಯಾವ್ದು ಮೊದ್ಲು ಮೇಡಂ?" ಎಂದು ಕಾಂತರಾಜು ಕೇಳಿದ.

"ಎರಡೂ ಒಟ್ಟಿಗೆ."

"ಬೀಡಿ ಬಿಟ್ರೆ ಹೊಟ್ಟೆ ಹಸಿವು ಜಾಸ್ತಿ ಆಯ್ತದಂತಲ್ಲ?"

"ಆಗುತ್ತೆ. ಆದರೂ ಇಳೀಬೇಕು. ಕಿಡ್ನಿ ಕೊಡೋರು ಗಟ್ಟಿಯಾಗಿದ್ದರೆ ತಾನೇ ಕೊಟ್ಟ ಮೇಲೂ ಬದುಕೋದು?"

ಕಾಂತರಾಜು ಕಿವಿಯ ಮೇಲಿದ್ದ ಬೀಡಿ ತೆಗೆದು ಡಾಕ್ಟರಮ್ಮನ ಮೇಜಿನ ಕೆಳಗಿದ್ದ ಕಸದ ಡಬ್ಬಕ್ಕೆ ಹಾಕಿದ. ಜೇಬಿನಲ್ಲಿದ್ದ ಕಟ್ಟನ್ನೂ ಹಾಕಿದ. ಬೆಂಕಿಪೊಟ್ಟಣವನ್ನು ಮಾತ್ರ ಇಟ್ಟುಕೊಂಡ. ಮರುದಿನ ಒಲೆ ಹಚ್ಚಬೇಕಿತ್ತು.

ಹಳ್ಳಿಮೈಸೂರಿನ ಕಾಂತರಾಜು ಬೀಗರೂಟದ ಅಡುಗೆಯವನು. ಐನೂರು ಎಲೆಯ ಊಟ ಇರಲಿ, ಸಾವಿರ ಎಲೆಯದಿರಲಿ, ಮಟನ್ ಸಾರಿನ ಒಂದು ತೊಟ್ಟನ್ನು ಎಡ ಅಂಗೈಗೆ ಬಿಟ್ಟುಕೊಂಡು ನೆಕ್ಕಿ, "ಇನ್ನೊಂದು ಬೊಗಸೆ ಉಪ್ಪು" ಎಂದರೆ ಮುಗಿಯಿತು. ಮೂವತ್ತು ವರ್ಷದಿಂದ ದಿನಕ್ಕೆ ಎರಡು ಕಟ್ಟು ಬೀಡಿ. ಗೌತಮ ಹತ್ತನೇ ಕ್ಲಾಸಿಗೆ ಶಾಲೆ ಬಿಟ್ಟು ಅಪ್ಪನ ಪಾತ್ರೆ ಸಾಗಿಸುವ ಗೂಡ್ಸ್ ಆಟೊ ಓಡಿಸುತ್ತಿದ್ದ. ಅಕ್ಕ ಭವ್ಯಶ್ರೀ ಓದಿದವಳು, ಹೊಳೆನರಸೀಪುರದಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದವಳು. ಇಪ್ಪತ್ತೈದು ತುಂಬುವಷ್ಟರಲ್ಲಿ ಅವಳ ಎರಡೂ ಕಿಡ್ನಿ ಕೈಕೊಟ್ಟವು. ಈಗ ವಾರಕ್ಕೆ ಎರಡು ಸಲ ಹಾಸನಕ್ಕೆ ಹೋಗಿ ನಾಲ್ಕು ಗಂಟೆ ಡಯಾಲಿಸಿಸ್ ಯಂತ್ರದ ಪಕ್ಕ ಮಲಗಬೇಕು.

ಕಿಡ್ನಿ ಕೊಡುತ್ತೇನೆಂದು ಮೊದಲು ಓಡಿದವನು ಗೌತಮನೇ. ಅವನ ರಕ್ತದ ಗುಂಪು ಹೊಂದಲಿಲ್ಲ. ತಾಯಿ ವಿಜಯಮ್ಮನಿಗೆ ಸಕ್ಕರೆ ಕಾಯಿಲೆ. ಹೊಂದಿದ್ದು ಅಪ್ಪನದೊಂದೇ, ಅದೂ ಬೀಡಿ ಹೊಗೆಯಲ್ಲಿ ಮೂವತ್ತು ವರ್ಷ ಬೆಂದ ಮೈ. ಆಸ್ಪತ್ರೆಯಲ್ಲಿ ಕಿಡ್ನಿ ಕೊಡಲು ಸಾಲಾಗಿ ಕೂತವರನ್ನು ಗೌತಮ ನೋಡಿದ್ದ. ತಾಯಂದಿರು, ಹೆಂಡತಿಯರು, ಅಕ್ಕತಂಗಿಯರು. ಗಂಡಸರೆಲ್ಲ ಹೊರಗೆ ಟೀ ಅಂಗಡಿಯಲ್ಲಿ ಸಿಗರೇಟು ಹಿಡಿದು ದೇವರ ಮೇಲೆ ಭಾರ ಹಾಕುತ್ತಿದ್ದರು. ನಮ್ಮಪ್ಪನೂ ನಾಳೆ ಅಲ್ಲಿಗೇ ಹೋಗಿ ನಿಲ್ಲುತ್ತಾನೆ ಎಂದುಕೊಂಡು, ಗೌತಮ ಊರಿಗೆ ಮರಳುವ ದಾರಿಯುದ್ದಕ್ಕೂ ಆಟೊದ ಗೇರನ್ನು ಕಿತ್ತುಹೋಗುವಂತೆ ಬದಲಿಸಿದ.

ಮನೆಯಲ್ಲಿ ವಿಷಯ ಕೇಳಿದ ಅಜ್ಜಿ ಚಿಕ್ಕಲಕ್ಷ್ಮಮ್ಮ ಅವರೆಕಾಯಿ ಸುಲಿಯುವುದನ್ನು ನಿಲ್ಲಿಸಿದಳು.

"ಎಂಬತ್ನಾಕು ಆಗ್ದಿದ್ರೆ?"

"ಆಗ್ದಿದ್ರೆ ಕೊಯ್ಯಲ್ಲ ಕಣವ್ವ," ಎಂದ ಕಾಂತರಾಜು.

"ಕೊಯ್ಯದೇ ಇಲ್ವಾ?"

"ಇಲ್ಲ."

ಅಜ್ಜಿ ಮತ್ತೆ ಕಾಯಿ ಸುಲಿಯತೊಡಗಿದಳು.

ಮೊದಲ ವಾರ ಕಾಂತರಾಜು ಮನುಷ್ಯನಾಗಿರಲಿಲ್ಲ. ಬಾಗಿಲು ಕಿರುಗುಟ್ಟಿದರೆ ಬಾಗಿಲಿಗೆ ಬೈದ. ಸೌಟು ಕೈತಪ್ಪಿದರೆ ಸೌಟಿಗೆ ಬೈದ. ಬಚ್ಚಲಲ್ಲಿ ಅರ್ಧ ಗಂಟೆ ಕೆಮ್ಮಿದ. ಜೇಬಿನ ತುಂಬ ಕಡ್ಲೆಪುರಿ ತುಂಬಿಕೊಂಡು ಮೇಯುತ್ತಿದ್ದ.

"ಏನ್ರೀ ಇದು, ಮುದ್ದೆ ಉಂಡು ಕೈ ತೊಳ್ದಿಲ್ಲ, ಆಗ್ಲೇ ಪುರಿ?" ಎಂದಳು ವಿಜಯಮ್ಮ.

"ಕೈಗೆ ಏನಾರ ಬೇಕು ಕಣೆ. ಬಾಯ್ಗಲ್ಲ, ಕೈಗೆ."

"ಕೈಗೆ ಪೊರಕೆ ಕೊಡ್ತೀನಿ, ಅಂಗಳ ಗುಡಿಸಿ."

ಭವ್ಯ ಒಳಗಿನಿಂದ ನಕ್ಕಳು. "ಅಪ್ಪ, ನಿನ್ ಕಿಡ್ನಿ ನಂಗೆ ಬಂದ್ಮೇಲೆ ನಂಗೂ ಬೀಡಿ ಸೇದ್ಬೇಕು ಅನ್ಸುತ್ತಾ?"

"ಅನ್ಸುದ್ರೆ ನನ್ನ ಕೇಳು, ಎಂಗೆ ಬಿಡದು ಅಂತ ಏಳ್ಕೊಡ್ತೀನಿ," ಎಂದ ಕಾಂತರಾಜು. ಕಣ್ಣು ಕೆಂಪಾಗಿತ್ತು. ಪೊರಕೆ ತೆಗೆದುಕೊಂಡು ನಿಜವಾಗಿಯೂ ಅಂಗಳಕ್ಕೆ ಹೋದ.

ಬೀಡಿ ಬಿಟ್ಟ ಇಪ್ಪತ್ತನೇ ದಿನಕ್ಕೆ ಅರಕಲಗೂಡಿನಲ್ಲಿ ಆರುನೂರು ಎಲೆಯ ಬೀಗರೂಟ ಬಂತು. ಜೊತೆಯ ಅಡುಗೆಯವನು ಪುಟ್ಟಸ್ವಾಮಿ ಒಲೆಯ ಮುಂದೆ ಬೀಡಿ ಹಚ್ಚಿ, ಎರಡು ಎಳೆದು, ಕಾಂತರಾಜುವಿನ ಮೂಗಿನ ನೇರಕ್ಕೆ ಚಾಚಿದ.

"ಒಂದೇ ದಮ್ ಎಳಿ ಕಾಂತಣ್ಣ. ಒಂದು ದಮ್ಗೆ ಕಿಡ್ನಿ ಏನ್ ಕರಗೋಯ್ತದಾ?"

ಕಾಂತರಾಜು ಆ ಬೀಡಿಯನ್ನೇ ನೋಡುತ್ತ ನಿಂತ. ಪಾತ್ರೆ ಇಳಿಸುತ್ತಿದ್ದ ಗೌತಮನ ಕೈಯೂ ನಿಂತಿತು. ಈಗ ತಗೊಳ್ತಾನೆ, ಈಗ ತಗೊಳ್ತಾನೆ ಎಂದು ಅವನು ಹಲ್ಲು ಕಚ್ಚಿ ಕಾದ. ಕಾಂತರಾಜು ಬಗ್ಗಿ ಒಂದು ಹಸಿ ಈರುಳ್ಳಿ ಎತ್ತಿಕೊಂಡು ಸೇಬಿನ ಹಾಗೆ ಕಚ್ಚಿದ. ಕಣ್ಣಲ್ಲಿ ಬಳಬಳ ನೀರು.

"ಪುಟ್ಟಸ್ವಾಮಿ, ಇನ್ನೊಂದ್ ಸಲ ಚಾಚುದ್ರೆ ಈ ಕೊಳಗದೊಳಕ್ಕೆ ನಿನ್ನ ಮುಳುಗಿಸ್ಬುಡ್ತೀನಿ. ಮಾಂಸ ಕಮ್ಮಿ ಬಿದ್ದದೆ."

ಸಾರು ಕುದಿಯಿತು. ಕಾಂತರಾಜು ಅಂಗೈಗೆ ಒಂದು ತೊಟ್ಟು ಬಿಟ್ಟುಕೊಂಡು ನೆಕ್ಕಿ ಹುಬ್ಬು ಗಂಟಿಕ್ಕಿದ. ಮತ್ತೆ ನೆಕ್ಕಿದ.

"ಇಷ್ಟು ವರ್ಷ ನಾನು ಜನಕ್ಕೆ ಉಪ್ಪು ತಿನ್ನಿಸ್ತಿದ್ದೆ ಕಣ್ಲಾ ಗೌತಮ," ಎಂದ ಮೆಲ್ಲಗೆ. "ನಾಲಿಗೆ ಸತ್ತೋಗಿತ್ತು. ನೋಡು, ಚಕ್ಕೆ ಬೇರೆ ಗೊತ್ತಾಯ್ತದೆ, ಲವಂಗ ಬೇರೆ ಗೊತ್ತಾಯ್ತದೆ. ಗಸಗಸೆ ಹಳೇದು."

ಗಸಗಸೆ ತಂದಿದ್ದ ಪುಟ್ಟಸ್ವಾಮಿ ಮುಖ ಆ ಕಡೆ ತಿರುಗಿಸಿದ.

ಆವತ್ತು ಪಂಕ್ತಿಯಲ್ಲಿ ಯಾರೋ ಯಜಮಾನರು ಉಪ್ಪು ಕೇಳಿದರು. ಮಿಕ್ಕವರು ಎರಡೆರಡು ಸಲ ಸಾರು ಬಿಡಿಸಿಕೊಂಡರು. ಆದರೆ ನಾಲಿಗೆ ಬದುಕಿದ್ದೇ ಕಾಂತರಾಜುವಿಗೆ ಮುಳುವಾಯಿತು. ಬೋಟಿ ಗೊಜ್ಜು ನೋಡುವ ನೆಪದಲ್ಲಿ ಒಂದು ಬಟ್ಟಲು, ಲಿವರ್ ಬೆಂದಿದೆಯಾ ಎಂದು ನಾಲ್ಕು ತುಂಡು, ತಳದ ಸಾರಿಗೆ ಅರ್ಧ ಮುದ್ದೆ. ಮದುವೆ ಕಾಲ, ವಾರಕ್ಕೆ ಎರಡು ಊಟದ ಕೆಲಸ.

ಊರಿನ ಮಂಡಿಯಲ್ಲಿ ರಾಗಿ, ಜೋಳದ ಚೀಲ ತೂಗುವ ತಕ್ಕಡಿ ಇತ್ತು. ಪ್ರತಿ ಸೋಮವಾರ ಗೌತಮ ಅಪ್ಪನನ್ನು ಅಲ್ಲಿಗೆ ಕರೆದೊಯ್ಯುತ್ತಿದ್ದ. ಒಂದು ಸೋಮವಾರ ಮಂಡಿಯ ಗುಂಡಯ್ಯ ಕನ್ನಡಕ ಏರಿಸಿ ಮುಳ್ಳು ನೋಡಿದ.

"ತೊಂಬತ್ನಾಕು. ಚೀಲದ ತೂಕ ಕಳೀಲಾ ಕಾಂತರಾಜು?"

"ಎಂಬತ್ತೊಂಬತ್ತಿತ್ತು. ಇಳೀಬೇಕಾದ್ದು ಐದು ಏರಿದೆ!" ಎಂದು ಗೌತಮ ಅರಚಿದ. "ಅಲ್ಲಿ ಅಕ್ಕನ ಕೈ ನೋಡಿದೀಯಾ ಅಪ್ಪ? ಸೂಜಿ ಚುಚ್ಚಿ ಚುಚ್ಚಿ ಹಗ್ಗದ ಗಂಟು ಬಂದಂಗಾಗಿದೆ. ನೀನು ಇಲ್ಲಿ ಬೋಟಿ ಬಾರಿಸ್ತಿದೀಯ!"

ಗುಂಡಯ್ಯ ತಲೆ ತಗ್ಗಿಸಿ ಚೀಲದ ಬಾಯಿ ಹೊಲಿಯತೊಡಗಿದ. ಕಾಂತರಾಜು ತಕ್ಕಡಿಯಿಂದ ಇಳಿದು ಚಪ್ಪಲಿ ಮೆಟ್ಟಿದ. "ಸರಿ ಬುಡು," ಎಂದ. ಅಷ್ಟೇ.

ಮರುದಿನ ಬೆಳಿಗ್ಗೆ ಐದೂವರೆಗೆ ಅವನು ಕೆರೆ ಏರಿಯ ಮೇಲಿದ್ದ. ಈ ತುದಿಯಿಂದ ಆ ತುದಿಗೆ, ಮತ್ತೆ ಈ ತುದಿಗೆ. ಮೊದಲ ದಿನ ಎರಡು ಸುತ್ತಿಗೇ ತೂಬಿನ ಕಲ್ಲಿನ ಮೇಲೆ ಕುಸಿದು ಕೂತ. ಎಮ್ಮೆ ಹೊಡೆದುಕೊಂಡು ಹೋಗುವವರು, "ಏನ್ ಕಾಂತಣ್ಣ, ಎಮ್ಮೆ ಕಳ್ದೋಯ್ತಾ?" ಎಂದರು. ಹದಿನೈದು ದಿನಕ್ಕೆ ಆರು ಸುತ್ತಾಯಿತು, ತಿಂಗಳಿಗೆ ಹತ್ತು. ಅಡುಗೆಯ ಜಾಗದಲ್ಲಿ ಅಂಗೈಯ ತೊಟ್ಟನ್ನು ನೆಕ್ಕಿ, ರುಚಿ ಹೇಳಿ, ಉಗಿದು, ಬಾಯಿ ಮುಕ್ಕಳಿಸುತ್ತಿದ್ದ. ಐನೂರು ಜನಕ್ಕೆ ಮಾಂಸ ಬಡಿಸಿ, ತಾನು ಒಂದು ಸೌತೆಕಾಯಿ ಹಿಡಿದು ಆಟೊದ ಹಿಂದೆ ಕೂರುತ್ತಿದ್ದ. ಮನೆಯಲ್ಲಿ ಮಾತ್ರ ಬೆಳಿಗ್ಗೆ ಒಂದು ಲೋಟ ರಾಗಿ ಅಂಬಲಿ, ಮಧ್ಯಾಹ್ನ ಒಂದು ಸಣ್ಣ ಮುದ್ದೆ. ಅದನ್ನು ಅಜ್ಜಿಯೇ ಮಾಡುತ್ತಿದ್ದಳು. ಬೇರೆ ಯಾರಿಗೂ ಮುಟ್ಟಗೊಡುತ್ತಿರಲಿಲ್ಲ.

ಆದರೂ ತೂಕ ತೊಂಬತ್ತಕ್ಕೆ ಬಂದು ನಿಂತುಬಿಟ್ಟಿತು. ಒಂದು ಸೋಮವಾರ ತೊಂಬತ್ತು. ಇನ್ನೊಂದು ಸೋಮವಾರ ತೊಂಬತ್ತು. ಮುಂದಿನ ಸೋಮವಾರ ತೊಂಬತ್ತೂವರೆ.

ಜೂನ್ ತಿಂಗಳ ಕೊನೆಗೆ ಮೈಸೂರಿಗೆ ಹೋದಾಗ ಡಾಕ್ಟರಮ್ಮ ಶ್ವಾಸಕೋಶದ ಪರೀಕ್ಷೆ ನೋಡಿ, "ಪರವಾಗಿಲ್ಲ, ಬೀಡಿ ಬಿಟ್ಟಿದ್ದೀರಿ," ಎಂದರು. ತೂಕ ನೋಡಿ ತಲೆ ಆಡಿಸಿದರು. "ಇನ್ನು ಎರಡೂವರೆ ತಿಂಗಳು ನೋಡೋಣ. ನಿಮ್ಮ ಮಗಳ ಕೈಯ ರಕ್ತನಾಳ ಸೋಲ್ತಾ ಇದೆ. ತುಂಬ ದಿನ ಕಾಯೋಕಾಗಲ್ಲ."

ವಾಪಸು ಬರುವಾಗ ಆಟೊದಲ್ಲಿ ಅಪ್ಪ ಮಗ ಇಬ್ಬರೇ. ಭೇರ್ಯ ದಾಟಿದ ಮೇಲೆ ಗೌತಮ ಗಾಡಿಯನ್ನು ರಸ್ತೆಯ ಪಕ್ಕಕ್ಕೆ ಎಳೆದು ನಿಲ್ಲಿಸಿದ.

"ನಿಂಗೆ ಭಯ, ಅಲ್ವಾ?"

"ಏನ್ ಭಯ?"

"ಕೊಯ್ತಾರೆ ಅಂತ. ಕದ್ದು ತಿಂತಿದೀಯ ನೀನು. ದಿನಾ ಹತ್ತು ಸುತ್ತು ನಡೆಯೋನು ಇಳೀದೆ ಇರ್ತಾನಾ? ಬಾಯಲ್ಲಿ ಮಗಳು ಮಗಳು ಅಂತೀಯ, ಒಳಗೆ ಬೇಡ ಅಂತಿದೀಯ. ನೇರ ಹೇಳ್ಬುಡು, ಆಗಲ್ಲ ಅಂತ!"

ಕಾಂತರಾಜು ಆಟೊದಿಂದ ಇಳಿದ.

"ಎಲ್ಲಿಗೆ?"

"ನಡ್ಕೊಂಡು ಬತ್ತೀನಿ. ನೀನ್ ಓಗು."

ಹಳ್ಳಿಮೈಸೂರು ಅಲ್ಲಿಂದ ಹತ್ತಿರವೇನಲ್ಲ. ಗೌತಮ ಸಿಟ್ಟಿನಲ್ಲಿ ಹೊರಟೇಬಿಟ್ಟ. ಮುಂದೆ ಒಂದು ಹುಣಸೆಮರದ ಕೆಳಗೆ ಗಾಡಿ ನಿಲ್ಲಿಸಿ, ಸೀಟಿನ ಅಡಿ ಬಚ್ಚಿಟ್ಟಿದ್ದ ಸಿಗರೇಟು ತೆಗೆದು ಸೇದಿದ. ಅವನೂ ಸೇದುತ್ತಿದ್ದ, ಎರಡು ವರ್ಷದಿಂದ. ಸೇದಿ, ಏಲಕ್ಕಿ ಜಗಿದು ಮನೆಗೆ ಹೋಗುತ್ತಿದ್ದ. ಮನೆಯಲ್ಲಿ ಯಾರಿಗೂ ಗೊತ್ತಿಲ್ಲ ಎಂದುಕೊಂಡಿದ್ದ.

ಎರಡು ದಿನ ಅಪ್ಪ ಮಗ ಮಾತಾಡಲಿಲ್ಲ. ಮೂರನೆಯ ದಿನ ಮಧ್ಯಾಹ್ನ ಗೌತಮ ನೀರು ಕುಡಿಯಲು ಅಡುಗೆಮನೆಗೆ ಬಂದ. ಅಜ್ಜಿ ಬಾಗಿಲಿಗೆ ಬೆನ್ನು ಹಾಕಿ ಕೂತು ಮುದ್ದೆ ಕಟ್ಟುತ್ತಿದ್ದಳು. ಹಿಟ್ಟನ್ನು ಅಂಗೈಯಲ್ಲಿ ಹಳ್ಳ ಮಾಡಿ, ನಿಂಬೆಹಣ್ಣಿನಷ್ಟು ದೊಡ್ಡ ಬೆಣ್ಣೆಯುಂಡೆಯನ್ನು ಒಳಗಿಟ್ಟು, ಮೇಲೆ ಹಿಟ್ಟು ಮುಚ್ಚಿ ನುಣ್ಣಗೆ ಉರುಳಿಸಿದಳು. ಹೊರಗಿನಿಂದ ಅದು ಸಣ್ಣ ಮುದ್ದೆ.

"ಅಜ್ಜಿ! ಏನದು?"

ಮುದುಕಿ ಬೆಚ್ಚಿದಳು. ಕೈಯ ಮುದ್ದೆ ಕೆಳಗೆ ಬಿದ್ದು ಬಾಯಿ ಬಿಟ್ಟಿತು. ಬೆಣ್ಣೆ ಹರಿದು ಬಂತು.

"ಎಷ್ಟು ದಿನದಿಂದ?"

"ಅಂಬ್ಲಿಗೂ ಆಕ್ತೀನಿ," ಎಂದಳು ಅಜ್ಜಿ. ಸುಳ್ಳು ಹೇಳಲು ಹೋಗಲಿಲ್ಲ.

"ಅಮ್ಮಾ! ಬಾ ಇಲ್ಲಿ, ನಿಮ್ಮತ್ತೆ ಕೆಲಸ ನೋಡು ಬಾ!"

ವಿಜಯಮ್ಮ ಬಂದಳು, ಗೋಡೆ ಹಿಡಿದುಕೊಂಡು ಭವ್ಯ ಬಂದಳು. ವಿಜಯಮ್ಮ ಬೆಣ್ಣೆ ನೋಡಿದಳು, ಅತ್ತೆಯನ್ನು ನೋಡಿದಳು. "ಅತ್ತೆ, ನಿಮ್ಗೇನು ತಲೆ ಕೆಟ್ಟದಾ? ಬಾಣಂತಿಗೆ ಇಕ್ದಂಗೆ ಇಕ್ಕಿದ್ದೀರಲ್ಲ!"

"ತಲೆ ನೆಟ್ಟಗಿರದ್ಕೇ ಇಕ್ದೆ," ಎಂದು ಅಜ್ಜಿ ಎದ್ದು ನಿಂತಳು. "ದಪ್ಪ ಇದ್ರೆ ಕೊಯ್ಯಲ್ಲ ಅಂದ್ರು. ಅದ್ಕೆ ದಪ್ಪ ಮಾಡ್ದೆ. ನೀನು ನಿನ್ ಮಗಳನ್ನ ಉಳಿಸ್ಕಬೇಕು ಅಂತೀಯ. ನಾನು ನನ್ ಮಗನ್ನ ಉಳಿಸ್ಕಬಾರ್ದಾ?"

ಭವ್ಯ, "ಅಜ್ಜಿ ಕೇಳಿದ್ದು ತಪ್ಪಲ್ಲ," ಎಂದು ಅಲ್ಲೇ ಹೊಸ್ತಿಲ ಮೇಲೆ ಕೂತಳು.

ಕಾಂತರಾಜು ಹಿತ್ತಲಲ್ಲಿ ಸೌದೆ ಒಡೆಯುತ್ತಿದ್ದವನು ಗಲಾಟೆ ಕೇಳಿ ಒಳಗೆ ಬಂದ. ಕೆಳಗೆ ಬಿದ್ದ ಮುದ್ದೆ ನೋಡಿದ. ಬಗ್ಗಿ ಎತ್ತಿ ತಟ್ಟೆಗೆ ಹಾಕಿದ.

"ನಂಗೆ ಗೊತ್ತಿತ್ತು," ಎಂದ.

"ಗೊತ್ತಿತ್ತಾ?" ಎಂದ ಗೌತಮ.

"ಮುದ್ದೆ ಮುರ್ದು ಉಣ್ಣೋನು ನಾನಲ್ವಾ? ಅಂಬ್ಲೀನೂ ಮೊದಲನೇ ದಿನಾನೇ ಗೊತ್ತಾಯ್ತು. ಬೀಡಿ ಬಿಟ್ಮೇಲೆ ನಾಲಿಗೆ ಬಂದದಲ್ಲ. ಅವ್ವ ಪ್ರೀತಿಗೆ ಆಕ್ತಾಳೆ, ಬೇಡ ಅಂದ್ರೆ ನೊಂದ್ಕತಾಳೆ ಅಂತ ಸುಮ್ನೆ ಉಂಡು, ಎರಡು ಸುತ್ತು ಜಾಸ್ತಿ ನಡೀತಿದ್ದೆ. ಎಂಟಿದ್ದದ್ದು ಹತ್ತು ಆಗಿದ್ದು ಅಂಗೆ." ತಾಯಿಯ ಕಡೆ ತಿರುಗಿದ. "ಎದ್ರಿಕೆಗೆ ಆಕ್ತಿದ್ದೆ ಅಂತ ಗೊತ್ತಿರ್ಲಿಲ್ಲ ಕಣವ್ವ. ಗೊತ್ತಿದ್ರೆ ಅವತ್ತೇ ಮಾತಾಡ್ತಿದ್ದೆ."

ಗೌತಮ ಗೋಡೆ ನೋಡಿದ. ಭೇರ್ಯದ ರಸ್ತೆಯಲ್ಲಿ ತಾನು ಆಡಿದ ಒಂದೊಂದು ಮಾತೂ ಕಿವಿಯಲ್ಲಿ ಕೇಳಿಸಿತು. ಆಗಲೂ ಈ ಮನುಷ್ಯ ತನ್ನ ಅವ್ವನ ಹೆಸರು ಎತ್ತಿರಲಿಲ್ಲ. ಮಗನಿಂದ ಹೇಡಿ ಅನ್ನಿಸಿಕೊಂಡು, ಇಳಿದು, ಅಷ್ಟು ದೂರ ನಡೆದು ಬಂದಿದ್ದ.

"ನಾಳೆ ಶುಕ್ರವಾರ," ಎಂದ ಕಾಂತರಾಜು. "ಅವ್ವ, ನೀನು ಹಾಸನಕ್ಕೆ ನಮ್ ಜೊತೆ ಬಾ."

ಅಜ್ಜಿ ಆವರೆಗೂ ಆ ಯಂತ್ರ ನೋಡಿರಲಿಲ್ಲ. ಮರುದಿನ ಭವ್ಯಳ ಮಂಚದ ಪಕ್ಕ ಸ್ಟೂಲು ಹಾಕಿ ಅಜ್ಜಿಯನ್ನು ಕೂರಿಸಿದರು. ನರ್ಸು ಎರಡು ದಪ್ಪ ಸೂಜಿ ಚುಚ್ಚಿದಳು. ಕೆಂಪು ರಕ್ತ ಪೈಪಿನಲ್ಲಿ ಹೊರಗೆ ಹೋಗಿ, ಯಂತ್ರ ಸುತ್ತಿ, ಮತ್ತೊಂದು ಪೈಪಿನಲ್ಲಿ ಒಳಗೆ ಬಂತು.

"ಅದು ನಿಂದೇ ರಕ್ತವಾ?" ಎಂದಳು ಅಜ್ಜಿ.

"ನಂದೇ ಅಜ್ಜಿ. ತೊಳೆಯೋಕೆ ಕೊಟ್ಟಿದೀನಿ. ಮಡಚಿ ಕೊಡ್ತಾರೆ."

ಅಜ್ಜಿಗೆ ನಗು ಬರಲಿಲ್ಲ. ಎರಡು ಗಂಟೆ ಕಳೆದ ಮೇಲೆ ಭವ್ಯಳ ಕಾಲು ಸೆಳೆದುಕೊಂಡಿತು. ಅವಳು ಹಲ್ಲು ಕಚ್ಚಿ ಮುಖ ಆ ಕಡೆ ಮಾಡಿದಳು. ಅಜ್ಜಿ ಆ ಕಾಲನ್ನು ಮಡಿಲಿಗೆ ಎಳೆದುಕೊಂಡು, ಉಳಿದ ಎರಡು ಗಂಟೆಯೂ ತಿಕ್ಕಿದಳು. ನೀರು ಕುಡಿ ಎಂದರೆ ಭವ್ಯ ಬೇಡವೆಂದು ತಲೆ ಆಡಿಸಿದಳು. ದಿನಕ್ಕೆ ಇಷ್ಟೇ ಎಂದು ಆಸ್ಪತ್ರೆಯವರು ಹೇಳಿದ ಲೆಕ್ಕದ ನೀರು, ಆವತ್ತಿನದು ಮುಗಿದಿತ್ತು.

ವಾಪಸು ಬರುವಾಗ ಆಟೊದಲ್ಲಿ ಅಜ್ಜಿ ಒಂದೇ ಮಾತು ಕೇಳಿದಳು. "ಕೊಟ್ಟೋರು ಬದುಕ್ತಾರಾ ಕಾಂತ?"

"ಬದುಕ್ತಾರೆ ಕಣವ್ವ. ಅದ್ಕೇ ತಾನೆ ಆಯಮ್ಮ ನನ್ನ ಇಷ್ಟು ಗೋಳು ಉಯ್ಕತಿರದು, ಬೀಡಿ ಬುಡು, ತೂಕ ಇಳಿಸು ಅಂತ. ನಾನು ಬದುಕ್ಲಿ ಅಂತಾನೇ."

ಮರುದಿನ ಬೆಳಿಗ್ಗೆ ಕಾಂತರಾಜು ಏರಿಯ ಮೇಲೆ ಮೊದಲ ಸುತ್ತು ಮುಗಿಸಿ ಬಂದಾಗ, ತೂಬಿನ ಕಲ್ಲಿನ ಮೇಲೆ ಅಜ್ಜಿ ಕಂಬಳಿ ಹೊದ್ದು ಕೂತಿದ್ದಳು. ಸೆರಗಿನ ಗಂಟು ಬಿಚ್ಚಿ ಒಂದು ಹುಣಸೆ ಬೀಜ ತೆಗೆದು ಪಕ್ಕದಲ್ಲಿಟ್ಟಳು.

"ಒಂದು."

"ಏನವ್ವ ಇದು?"

"ಎಣಿಸ್ತೀನಿ. ಹನ್ನೆರಡು ಬೀಜ ತಂದಿದೀನಿ. ಮುಗಿಯೋಗಂಟ ಏಳಲ್ಲ. ಚಳಿ ಆಯ್ತದೆ, ಬೇಗ ಬೇಗ ನಡಿ."

ಆಷಾಢ ಕಳೆಯಿತು. ಶ್ರಾವಣದಲ್ಲಿ ಮಾಂಸದಡುಗೆ ಕೇಳುವವರಿಲ್ಲ. ಕಾಂತರಾಜು ಸಂಜೆಯೂ ನಡೆದ. ಈಗ ಅಜ್ಜಿಯೇ ಪೊಲೀಸು. ಮುದ್ದೆ ಅವಳ ಮುಷ್ಟಿಗಿಂತ ಒಂದು ಬೆರಳು ದಪ್ಪವಾದರೂ ವಿಜಯಮ್ಮನಿಗೆ ಬೈಗುಳ. "ನಿನ್ ಗಂಡನ್ನ ಕೆಡಿಸ್ತಿದೀಯ ನೀನು!" ಎನ್ನುತ್ತಿದ್ದಳು, ತಾನೇನೂ ಮಾಡೇ ಇಲ್ಲದವಳ ಹಾಗೆ. ವಿಜಯಮ್ಮ ಗೌತಮನ ಕಡೆ ನೋಡಿ ಕಣ್ಣು ಮಿಟುಕಿಸುತ್ತಿದ್ದಳು. ಹೊಗೆಸೊಪ್ಪಿನ ವಾಸನೆ ಮಗನನ್ನು ಕೆಣಕುತ್ತದೆಂದು ಅಜ್ಜಿ ತನ್ನ ಎಲೆಅಡಿಕೆ ಚೀಲವನ್ನು ಕೊಟ್ಟಿಗೆಗೆ ಸಾಗಿಸಿದಳು. ಜಗಿಯಬೇಕೆನಿಸಿದರೆ ಹಸುವಿನ ಪಕ್ಕ ಹೋಗಿ ನಿಲ್ಲುತ್ತಿದ್ದಳು.

ಎಂಬತ್ತೆಂಟು. ಎಂಬತ್ತೇಳು. ಒಂದು ವಾರ ಇಳಿಯಲೇ ಇಲ್ಲ. ಆವತ್ತು ಗೌತಮ ಏನೂ ಅನ್ನಲಿಲ್ಲ. ಎಂಬತ್ತೈದೂವರೆ. ಗೌರಿ ಹಬ್ಬದ ಹಿಂದಿನ ಸೋಮವಾರ ಗುಂಡಯ್ಯ ಮುಳ್ಳು ನೋಡಿ, ಕನ್ನಡಕ ಒರೆಸಿ, ಮತ್ತೆ ನೋಡಿದ.

"ಎಂಬತ್ಮೂರು ಮುಕ್ಕಾಲು. ಲೇ ಕಾಂತರಾಜು, ಅರ್ಧ ಚೀಲ ಸೋರೋಗದೆಯಲ್ಲ!"

ಕಾಂತರಾಜು ಇಳಿಯದೆ ತಕ್ಕಡಿಯ ಮೇಲೆಯೇ ನಿಂತು ನಕ್ಕ. ಅವನ ಲುಂಗಿ ಸೊಂಟದಲ್ಲಿ ಎರಡು ಸುತ್ತು ಹೆಚ್ಚು ಬರುತ್ತಿತ್ತು. ಗೌತಮನಿಗೆ ಅಳು ಬಂತು. ಅಳು ಬಂದದ್ದಕ್ಕೇ ಸಿಟ್ಟಾಗಿ ಗಾಡಿಯ ಟೈರಿಗೆ ಒದ್ದ.

ಕಾಗದಪತ್ರ, ಸಹಿ, ಒಪ್ಪಿಗೆ ಕೊಡುವ ಸಮಿತಿ ಎಂದು ಇನ್ನೊಂದು ತಿಂಗಳು ಓಡಾಡಿಸಿದರು. ಅಷ್ಟರಲ್ಲಿ ತೂಕ ಇನ್ನೂ ಒಂದು ಕೆಜಿ ಇಳಿಯಿತು. ಆಪರೇಷನ್ ದಿನ ಬೆಳಿಗ್ಗೆ ಅಪ್ಪ, ಮಗಳು ಅಕ್ಕಪಕ್ಕದ ಬಾಗಿಲಲ್ಲಿ ಒಳಗೆ ಹೋದರು. ವಿಜಯಮ್ಮ, ಅಜ್ಜಿ, ಗೌತಮ ಬೆಂಚಿನ ಮೇಲೆ ಕೂತರು. ಮಧ್ಯಾಹ್ನ ಮೂರರ ಹೊತ್ತಿಗೆ ನರ್ಸು ಹೊರಗೆ ಬಂದು, "ಇಬ್ಬರೂ ಚೆನ್ನಾಗಿದ್ದಾರೆ. ಹೊಸ ಕಿಡ್ನಿ ಕೆಲಸ ಮಾಡ್ತಿದೆ, ಹುಡುಗಿಗೆ ಮೂತ್ರ ಬರೋಕೆ ಶುರುವಾಗಿದೆ," ಎಂದಳು.

"ಏನ್ ಬಂತಂತೆ?" ಎಂದಳು ಅಜ್ಜಿ.

"ಉಚ್ಚೆ ಅಜ್ಜಿ, ಉಚ್ಚೆ!" ಎಂದು ಗೌತಮ ಇಡೀ ವರಾಂಡಕ್ಕೆ ಕೇಳುವಂತೆ ಕೂಗಿದ. ಅಜ್ಜಿ ಎರಡೂ ಕೈ ಎತ್ತಿ ಮುಗಿದಳು. ವಿಜಯಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು.

ಮರುದಿನ ಸಂಜೆ ಕಾಂತರಾಜುವನ್ನು ನೋಡಲು ಗೌತಮನನ್ನು ಬಿಟ್ಟರು. ಬಿಳಚಿದ ಮುಖ, ಪಕ್ಕೆಗೆ ಪಟ್ಟಿ. ಮಗ ಹತ್ತಿರ ಬಗ್ಗಿದಾಗ ಕಾಂತರಾಜು ಮೂಗು ಅರಳಿಸಿದ.

"ಏಲಕ್ಕಿ," ಎಂದ.

ಗೌತಮ ಹಿಂದೆ ಸರಿದ.

"ಬೀಡಿ ಬಿಟ್ಮೇಲೆ ಮೂಗೂ ಬಂತು ಕಣ್ಲಾ. ಏಪ್ರಿಲ್‌ನಿಂದ ಗೊತ್ತು. ನೀನಾಗೇ ಬಿಡ್ತೀಯ ಅಂತ ಸುಮ್ನಿದ್ದೆ." ಉಸಿರು ತೆಗೆದುಕೊಳ್ಳಲು ನಿಲ್ಲಿಸಿದ. "ನನ್ನತ್ರ ಕೊಡಕ್ಕೆ ಇದ್ದದ್ದು ಒಂದೇ ಕಿಡ್ನಿ, ಮಗ. ಕೊಟ್ಟಾಯ್ತು. ನಾಳೆ ನಿಂಗೂ ಬೇಕು ಅಂದ್ರೆ ಎಲ್ಲಿಂದ ತರ್ಲಿ?"

ಗೌತಮ ಪ್ಯಾಂಟಿನ ಜೇಬಿಗೆ ಕೈ ಹಾಕಿ, ಅರ್ಧ ಖಾಲಿಯಾಗಿದ್ದ ಸಿಗರೇಟು ಪ್ಯಾಕನ್ನು ಮಂಚದ ಕೆಳಗಿನ ಕಸದ ಡಬ್ಬಕ್ಕೆ ಹಾಕಿದ. ಏಲಕ್ಕಿಯನ್ನೂ ಹಾಕಿದ.

ಮೂರನೆಯ ದಿನ ಡಾಕ್ಟರಮ್ಮ ಬಂದು, "ಎದ್ದು ಓಡಾಡಿ," ಎಂದರು. ಕಾಂತರಾಜು ಒಂದು ಕೈಯಲ್ಲಿ ಪಕ್ಕೆ ಒತ್ತಿಕೊಂಡು, ಇನ್ನೊಂದು ಕೈಯಲ್ಲಿ ಗೋಡೆ ಹಿಡಿದು ವರಾಂಡಕ್ಕೆ ಬಂದ. ಅಲ್ಲಿ ಬೆಂಚಿನ ಮೇಲೆ ಅಜ್ಜಿ ಆಗಲೇ ಸೆರಗಿನ ಗಂಟು ಬಿಚ್ಚಿ ಕೂತಿದ್ದಳು.

"ಇಲ್ಲಿಗೂ ತಂದಿದೀಯಾ?" ಎಂದು ಕಾಂತರಾಜು ನರಳುತ್ತಲೇ ನಕ್ಕ.

"ನಡಿ ನಡಿ. ಆ ಕಿಟಕಿ ಮುಟ್ಟಿ ಬಾ."

ಗೌತಮ ಅಪ್ಪನ ಪಕ್ಕಕ್ಕೆ ಹೋದ. ಹಿಡಿದುಕೊಳ್ಳಲು ಕೈ ಚಾಚಿದ. ಕಾಂತರಾಜು ಬೇಡವೆಂದು ತಲೆ ಆಡಿಸಿದ. ಹಾಗಾಗಿ ಸುಮ್ಮನೆ ಜೊತೆಯಲ್ಲೇ ನಡೆದ, ಅಪ್ಪನ ಹೆಜ್ಜೆಗೆ ತನ್ನ ಹೆಜ್ಜೆ ನಿಧಾನ ಮಾಡಿಕೊಂಡು. ಕಿಟಕಿ ಮುಟ್ಟಿ ಇಬ್ಬರೂ ತಿರುಗಿ ಬಂದರು.

ಅಜ್ಜಿ ಬೆಂಚಿನ ಮೇಲೆ ಒಂದು ಬೀಜ ಇಟ್ಟಳು. ಮೊಮ್ಮಗನ ಮುಖ ನೋಡಿ, ಪಕ್ಕದಲ್ಲಿ ಬೇರೆಯಾಗಿ ಅವನ ಲೆಕ್ಕಕ್ಕೆ ಇನ್ನೊಂದು ಇಟ್ಟಳು.